ಕಪ್ಪು ಕಲೆಯನ್ನು ಹುಡುಕುವವರು ಯಾರು? ಸ್ಕ್ರಬ್ ಟೈಫಸ್ ಸಂಶೋಧನೆ ಮತ್ತು ನಮ್ಮ ಗಡಿಭಾಗದ ಜ್ವರಗಳು

ಮಳೆಗಾಲ ಹಿಂದೆ ಸರಿದು ದೀಪಾವಳಿಯ ರಜೆ ಮುಗಿಯುವ ಹೊತ್ತಿಗೆ ನಮ್ಮ ಶಾಲೆಗಳ ಹಾಜರಿ ಪುಸ್ತಕವು ಒಂದು ಬಗೆಯ ಆರೋಗ್ಯ ವರದಿಯೂ ಆಗಿಬಿಡುತ್ತದೆ. ಸಾಲಾಗಿ ಬೀಳುವ ಗೈರುಹಾಜರಿಯ ಗುರುತುಗಳ ಹಿಂದೆ ಕೆಲವರಿಗೆ ಕಬ್ಬು ಕಡಿಯಲು ಹೋದ ತಂದೆತಾಯಿ, ಕೆಲವರಿಗೆ ಮದುವೆ ಮುಂಜಿ, ಉಳಿದವರಿಗೆ ಜ್ವರ. ಯಾವ ಜ್ವರವೆಂದು ಕೇಳಿದರೆ ಪಾಲಕರ ಬಳಿ ಸಿದ್ಧವಾಗಿರುವ ಉತ್ತರಗಳು ಮೂರೇ: ಮಲೇರಿಯಾ, ಟೈಫಾಯ್ಡ್, ಇಲ್ಲವೇ ಡೆಂಗ್ಯೂ. ಈ ಮೂರರಲ್ಲಿ ಯಾವುದೂ ಅಲ್ಲದಿದ್ದರೆ ‘ವೈರಲ್’ ಎಂಬ ಒಂದು ಪದವಿದೆ. ಅದನ್ನು ಹೇಳಿದ ಮೇಲೆ ಮುಂದೆ ಯಾರೂ ಏನನ್ನೂ ಕೇಳುವುದಿಲ್ಲ.

ನಾಲ್ಕನೆಯ, ಐದನೆಯ ಸಾಧ್ಯತೆಗಳ ಬಗ್ಗೆ ನಾನು ಯೋಚಿಸತೊಡಗಿದ್ದು ಆರನೆಯ ತರಗತಿಯ ಒಬ್ಬ ಹುಡುಗನಿಂದಾಗಿ. ಶಾಲೆ ಬಿಟ್ಟ ಮೇಲೆ ಕುರಿ ಮೇಯಿಸುವುದು ಅವನ ಕೆಲಸ. ಜ್ವರ ಬಂದ ಮೂರನೆಯ ದಿನ ಹತ್ತಿರದ ಊರಿನ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ರಕ್ತ ಪರೀಕ್ಷೆಯಾಯಿತು, ಟೈಫಾಯ್ಡ್ ಎಂದರು, ದಿನಕ್ಕೆರಡು ಇಂಜೆಕ್ಷನ್ ಆರಂಭವಾಯಿತು. ಎಂಟು ದಿನ ಕಳೆದರೂ ಜ್ವರ ಇಳಿಯಲಿಲ್ಲ. ಒಂಬತ್ತನೆಯ ದಿನ ಹುಡುಗನಿಗೆ ಉಸಿರಾಡುವುದು ಕಷ್ಟವಾಯಿತು, ಮಾತು ತೊದಲತೊಡಗಿತು. ತಾಯಿಗೆ ಮರಾಠಿ ಬಾರದು. ಮಿರಜಕ್ಕೆ ಜೊತೆಗೆ ಬನ್ನಿರೆಂದು ಕೇಳಿಕೊಂಡರು. ನಾನು ದುಭಾಷಿಯಾಗಿ ಹೋದೆ.

ಅಲ್ಲಿಯೂ ಮೊದಲ ಹೊತ್ತು ಮಾತಿನಲ್ಲಿಯೇ ಕಳೆದುಹೋಯಿತು. ನಾನು ಔಷಧಿ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಿದ್ದಾಗ ತಾಯಿ ‘ಹುಡುಗಗ ಉರಿ ಬಂದಾವ’ ಎಂದು ಹೇಳಿದ್ದರು. ನಮ್ಮ ಕಡೆ ‘ಉರಿ’ ಎಂದರೆ ಜ್ವರ. ಅರೆಬರೆ ಕನ್ನಡ ಬಲ್ಲ ಯಾರೋ ಅದನ್ನು ‘ಜಳಜಳ’ ಎಂದು ಮರಾಠಿಗೆ ತಿರುಗಿಸಿದ್ದರು. ಹಾಳೆಯ ಮೇಲೆ ಮೈ ಉರಿಯ ತಕರಾರು ದಾಖಲಾಗಿತ್ತು. ಹನ್ನೊಂದು ದಿನದ ಜ್ವರವೆಂಬ ಮುಖ್ಯ ಸಂಗತಿ ಅದರಲ್ಲಿ ಇರಲಿಲ್ಲ. ಸಂಜೆ ಪಾಳಿಗೆ ಬಂದ ಒಬ್ಬ ಕಿರಿಯ ವೈದ್ಯರು ಎಲ್ಲವನ್ನೂ ಮತ್ತೊಮ್ಮೆ ಮೊದಲಿನಿಂದ ಕೇಳಿದರು. ನಂತರ ಹುಡುಗನ ಅಂಗಿ ಬಿಚ್ಚಿಸಿ, ಎರಡೂ ತೋಳುಗಳನ್ನು ಮೇಲೆತ್ತಿಸಿ, ಬಲಗಂಕುಳಿನಲ್ಲಿ ಬಟಾಣಿಯಷ್ಟು ಅಗಲದ, ಬೀಡಿಯ ಕಿಡಿ ತಾಗಿ ಸುಟ್ಟಂತಿದ್ದ ಒಂದು ಕಪ್ಪು ಕಲೆಯನ್ನು ತೋರಿಸಿದರು. ತಾಯಿ ಅದನ್ನು ನೋಡಿದ್ದರು. ಸೆಕೆಗುಳ್ಳೆಯೆಂದು ಅರಿಸಿನ ಹಚ್ಚಿದ್ದರು. ನೋವಿಲ್ಲದ್ದನ್ನು ದವಾಖಾನೆಯಲ್ಲಿ ಹೇಳುವುದೇಕೆ ಎಂಬುದು ಅವರ ಪ್ರಶ್ನೆ. ಔಷಧಿ ಬದಲಾಯಿತು. ಮೂರನೆಯ ದಿನ ಬೆಳಿಗ್ಗೆ ಹುಡುಗ ಚಹಾ ಕೇಳಿದ.

ಆ ರೋಗದ ಹೆಸರು ಸ್ಕ್ರಬ್ ಟೈಫಸ್. ‘ಸ್ಕ್ರಬ್’ ಎಂದರೆ ಕುರುಚಲು ಪೊದೆ. ‘ಟೈಫಸ್’ ಮಾತ್ರ ಅನೇಕರನ್ನು ದಾರಿ ತಪ್ಪಿಸುವ ಪದ. ಹೊಗೆ, ಮಬ್ಬು ಎಂಬರ್ಥದ ಗ್ರೀಕ್ ಮಾತಿನಿಂದ ಅದು ಹುಟ್ಟಿದೆ. ಜ್ವರದಲ್ಲಿ ರೋಗಿಯ ಬುದ್ಧಿಗೆ ಕವಿಯುವ ಮಬ್ಬನ್ನು ಸೂಚಿಸುತ್ತದೆ. ಟೈಫಾಯ್ಡ್ ಎಂದರೆ ‘ಟೈಫಸ್‌ನಂತಹುದು’ ಎಂದಷ್ಟೇ ಅರ್ಥ. ಹೆಸರುಗಳು ಅಣ್ಣತಮ್ಮಂದಿರಂತೆ ಕಂಡರೂ ರೋಗಗಳಿಗೆ ಸಂಬಂಧವಿಲ್ಲ. ಟೈಫಾಯ್ಡ್ ಕಲುಷಿತ ನೀರು ಮತ್ತು ಆಹಾರದಿಂದ ಬರುತ್ತದೆ. ಸ್ಕ್ರಬ್ ಟೈಫಸ್ ಹುಲ್ಲಿನಿಂದ ಮೈಗೆ ಹತ್ತುವ ಒಂದು ಜೀವಿಯಿಂದ ಬರುತ್ತದೆ. ಒಂದಕ್ಕೆ ಕೊಡುವ ಎಲ್ಲ ಮದ್ದೂ ಇನ್ನೊಂದಕ್ಕೆ ತಾಗುತ್ತದೆಂದಲ್ಲ. ಟೈಫಾಯ್ಡ್‌ಗೆ ಸಾಮಾನ್ಯವಾಗಿ ಕೊಡುವ ಸೆಫಲೋಸ್ಪೊರಿನ್ ವರ್ಗದ ಇಂಜೆಕ್ಷನ್‌ಗಳು ಈ ಬ್ಯಾಕ್ಟೀರಿಯಾದ ಮೇಲೆ ಪರಿಣಾಮ ಬೀರುವುದಿಲ್ಲ ಎಂಬುದು ವೈದ್ಯಶಾಸ್ತ್ರದಲ್ಲಿ ಹಳೆಯ ತಿಳಿವಳಿಕೆ. ನಮ್ಮ ಹುಡುಗನ ಎಂಟು ದಿನಗಳು ಹೋದದ್ದು ಎಲ್ಲಿಗೆಂದು ಬೇರೆ ಹೇಳಬೇಕಿಲ್ಲ.

ರೋಗವನ್ನು ಹರಡುವುದು ನುಸಿ. ದ್ರಾಕ್ಷಿ ಬೆಳೆಯುವ ತಾಸಗಾಂವ, ಮಿರಜ ಭಾಗದ ರೈತರಿಗೆ ಎಲೆಯ ಹಿಂಬದಿಗೆ ಕೂರುವ ಕೆಂಪು ನುಸಿಯ ಪರಿಚಯವಿದೆ. ಅದೇ ಬೃಹತ್ ಕುಲಕ್ಕೆ ಸೇರಿದ, ಆದರೆ ಬೇರೆ ಮನೆತನದ ಜೀವಿ ಇದು. ಭಾರತದಲ್ಲಿ ಮುಖ್ಯವಾಗಿ ಕಾಣುವ ಜಾತಿಗೆ ಲೆಪ್ಟೊಟ್ರಾಂಬಿಡಿಯಂ ಡೆಲಿಯೆನ್ಸ್ ಎಂದು ಹೆಸರು. ದನಕರುಗಳ ಮೈಯಲ್ಲಿ ನಾವು ನೋಡುವ ಉಣ್ಣಿ ಇದಲ್ಲ. ಮರಾಠಿಯಲ್ಲಿ ಉಣ್ಣಿಗೆ ಗೋಚೀಡ ಎನ್ನುತ್ತಾರೆ. ಉಣ್ಣಿಯಿಂದ ಬರುವ ಜ್ವರಗಳು ಬೇರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣಿಯಿಂದ ಹರಡುವ ವೈರಾಣು ರೋಗ, ಅದಕ್ಕೆ ಈ ಮಾತ್ರೆಗಳು ನಾಟುವುದಿಲ್ಲ. ಉಣ್ಣಿ ಕಣ್ಣಿಗೆ ಕಾಣುತ್ತದೆ, ಕಿತ್ತು ಹಾಕಬಹುದು. ನುಸಿಯ ಮರಿ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು. ಕಡಿದದ್ದೂ ತಿಳಿಯುವುದಿಲ್ಲ.

ಇದರ ಜೀವನಕ್ರಮ ವಿಚಿತ್ರವಾದುದು. ದೊಡ್ಡ ನುಸಿಗೆ ಎಂಟು ಕಾಲು; ಅದು ಮಣ್ಣಿನಲ್ಲಿದ್ದು ಕೀಟಗಳ ಮೊಟ್ಟೆ ಮುಂತಾದುವನ್ನು ತಿಂದು ಬದುಕುತ್ತದೆ, ಮನುಷ್ಯರ ಗೊಡವೆ ಅದಕ್ಕಿಲ್ಲ. ಆರು ಕಾಲಿನ ಮರಿ ಮಾತ್ರ ಬಾಳಿನಲ್ಲಿ ಒಂದೇ ಒಂದು ಬಾರಿ ಪ್ರಾಣಿಯ ಮೈಗೆ ಹತ್ತಿ, ಚರ್ಮದ ದ್ರವವನ್ನು ಹೀರಿ, ನೆಲಕ್ಕೆ ಬಿದ್ದು ಬೆಳೆಯುತ್ತದೆ. ಅದರ ಸಹಜ ಆತಿಥೇಯ ಇಲಿ, ಹೆಗ್ಗಣ. ದಾರಿಯಲ್ಲಿ ಮನುಷ್ಯ ಸಿಕ್ಕರೆ ಅವನೂ ಆದೀತು. ಒಂದೇ ಬಾರಿ ಕಡಿಯುವ ಮರಿ ಒಬ್ಬರಿಂದ ಇನ್ನೊಬ್ಬರಿಗೆ ರೋಗವನ್ನು ಒಯ್ಯುವುದು ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರವೆಂದರೆ ಅದು ಒಯ್ಯುವುದೇ ಇಲ್ಲ. ಬ್ಯಾಕ್ಟೀರಿಯಾ ತಾಯಿ ನುಸಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಆಸ್ತಿಯಂತೆ ಇಳಿದುಬರುತ್ತದೆ. ಸೊಳ್ಳೆಯು ಮಲೇರಿಯಾದ ವಾಹಕ ಮಾತ್ರ; ನುಸಿಯು ಈ ರೋಗದ ವಾಹಕವೂ ಹೌದು, ಕಣಜವೂ ಹೌದು. ಆದ್ದರಿಂದಲೇ ಸೋಂಕು ಮನುಷ್ಯನಿಂದ ಮನುಷ್ಯನಿಗೆ ಹಬ್ಬುವುದಿಲ್ಲ. ಅದೇ ಕಾರಣಕ್ಕಾಗಿ ರೋಗಿಗಳೆಲ್ಲ ಗುಣವಾದರೂ ಆ ಬದುವಿನಲ್ಲಿ, ಆ ಪೊದೆಯಲ್ಲಿ ರೋಗ ಉಳಿದೇ ಇರುತ್ತದೆ.

ಬ್ಯಾಕ್ಟೀರಿಯಾದ ಹೆಸರು ಒರಿಯೆಂಟಿಯಾ ತ್ಸುತ್ಸುಗಾಮುಷಿ. ಜಪಾನಿನ ನದಿದಂಡೆಯ ರೈತರು ‘ತ್ಸುತ್ಸುಗಾ’ ಎಂದರೆ ಕೇಡು, ‘ಮುಷಿ’ ಎಂದರೆ ಹುಳು ಎಂದು ಕರೆಯುತ್ತಿದ್ದರು. ಕೇಡಿನ ಹುಳುವಿನ ಬಗ್ಗೆ ಅವರಿಗೆ ವಿಜ್ಞಾನಿಗಳಿಗಿಂತ ಎಷ್ಟೋ ಮೊದಲೇ ಗೊತ್ತಿತ್ತು. ಅಮೆರಿಕದ ಹೋವರ್ಡ್ ರಿಕೆಟ್ಸ್ ಟೈಫಸ್ ಕುರಿತು ಸಂಶೋಧನೆ ನಡೆಸುತ್ತಲೇ ಅದೇ ರೋಗಕ್ಕೆ ತುತ್ತಾಗಿ 1910ರಲ್ಲಿ ಮೆಕ್ಸಿಕೋದಲ್ಲಿ ತೀರಿಕೊಂಡರು. ಅವರ ನೆನಪಿಗೆ ಈ ಬಗೆಯ ಸೂಕ್ಷ್ಮಜೀವಿಗಳಿಗೆ ರಿಕೆಟ್ಸಿಯಾ ಎಂಬ ಹೆಸರು ಬಂತು. ನಮ್ಮ ಜ್ವರದ ಬ್ಯಾಕ್ಟೀರಿಯಾವನ್ನೂ ಬಹುಕಾಲ ಅದೇ ಕುಲದಲ್ಲಿಟ್ಟಿದ್ದರು. ಕೋಶಭಿತ್ತಿಯ ರಚನೆಯೂ ವಂಶವಾಹಿಗಳೂ ಬೇರೆಯೆಂದು ಸ್ಪಷ್ಟವಾದ ಮೇಲೆ 1995ರಲ್ಲಿ ಒರಿಯೆಂಟಿಯಾ ಎಂಬ ಪ್ರತ್ಯೇಕ ಕುಲವನ್ನು ಕಲ್ಪಿಸಲಾಯಿತು.

ಎರಡನೆಯ ಮಹಾಯುದ್ಧದಲ್ಲಿ ಅಸ್ಸಾಮ್-ಬರ್ಮಾ ಗಡಿಯ ಕಾಡುಗಳಲ್ಲಿ ಸೈನಿಕರು ದೊಡ್ಡ ಸಂಖ್ಯೆಯಲ್ಲಿ ಈ ಜ್ವರಕ್ಕೆ ಬಿದ್ದರು. ಆಗ ಮದ್ದಿರಲಿಲ್ಲ. 1948ರಲ್ಲಿ ಜೋಸೆಫ್ ಸ್ಮಾಡೆಲ್ ಅವರ ತಂಡ ಕ್ವಾಲಾಲಂಪುರದಲ್ಲಿ ಕ್ಲೋರಾಂಫೆನಿಕಾಲ್ ಕೊಟ್ಟು ರೋಗಿಗಳನ್ನು ಗುಣಪಡಿಸಿತು. ಮದ್ದು ಸಿಕ್ಕಿದ್ದೇ ತಡ, ಲೋಕ ಈ ರೋಗವನ್ನು ಮರೆಯಿತು. ಯುದ್ಧ ಮುಗಿದಿತ್ತು, ಉಳಿದ ರೋಗಿಗಳೆಲ್ಲ ಏಷ್ಯಾದ ಒಕ್ಕಲುಮಕ್ಕಳು.

ಈಚಿನ ಇಪ್ಪತ್ತು ವರ್ಷಗಳಲ್ಲಿ ಪ್ರಯೋಗಾಲಯಗಳು ಮತ್ತೆ ಇದರತ್ತ ತಿರುಗಿವೆ. 2007ರಲ್ಲಿ ಕೊರಿಯಾದ ಮತ್ತು 2008ರಲ್ಲಿ ಜಪಾನಿನ ವಿಜ್ಞಾನಿಗಳು ಇದರ ಪೂರ್ಣ ಜೀನೋಮ್ ಅನ್ನು ಓದಿದಾಗ ಬೆರಗಾದರು: ಸುಮಾರು 20 ಲಕ್ಷ ಅಕ್ಷರಗಳ ಆ ಬರಹದಲ್ಲಿ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವ ಭಾಗಗಳೇ ತುಂಬಿದ್ದವು. ಪ್ರತಿ ಬಾರಿಯೂ ಹರಿದು ಜೋಡಿಸಿದ ಪುಸ್ತಕದಂತೆ ತಳಿಯಿಂದ ತಳಿಗೆ ಪುಟಗಳ ಕ್ರಮವೇ ಬದಲು. ಬ್ಯಾಕ್ಟೀರಿಯಾದ ಹೊರಮೈಯಲ್ಲಿರುವ ಒಂದು ಮುಖ್ಯ ಪ್ರೋಟೀನ್ ಸಹ ತಳಿತಳಿಗೂ ಭಿನ್ನ. ಕಾರ್ಪ್, ಕಾಟೊ, ಗಿಲಿಯಂ ಎಂಬುವು ಹಳೆಯ ಪ್ರಸಿದ್ಧ ತಳಿಗಳು. ಅವಲ್ಲದೆ ಇನ್ನೂ ಅನೇಕವಿವೆ. ಒಂದು ತಳಿಯ ಜ್ವರ ಬಂದು ಹೋದವರಿಗೆ ಇನ್ನೊಂದರಿಂದ ದೀರ್ಘಕಾಲದ ರಕ್ಷಣೆ ಸಿಗದು. ಈವರೆಗೆ ಲಸಿಕೆ ಕೈಗೂಡದಿರುವುದಕ್ಕೆ ಇದು ಬಹುಮುಖ್ಯ ಕಾರಣ.

ಇದು ಜೀವಕೋಶದ ಒಳಗೆ ಮಾತ್ರ ಬೆಳೆಯಬಲ್ಲದು. ಒಳಹೊಕ್ಕ ಮೇಲೆ ನಡೆಸುವ ಕಾರುಬಾರನ್ನು ತರಗತಿಯಲ್ಲಿ ವಿವರಿಸಲು ನನಗೆ ಮಿರಜ ಜಂಕ್ಷನ್‌ನ ಉಪಮೆ ಅನುಕೂಲವಾಗಿದೆ. ನಮ್ಮ ಜೀವಕೋಶಗಳಲ್ಲಿ ಸೂಕ್ಷ್ಮ ಕೊಳವೆಗಳ ಹಳಿಗಳಿವೆ. ಅವುಗಳ ಮೇಲೆ ಡೈನೀನ್ ಎಂಬ ಪ್ರೋಟೀನ್ ಎಂಜಿನ್‌ನಂತೆ ಸರಕು ಎಳೆಯುತ್ತದೆ. ಈ ಬ್ಯಾಕ್ಟೀರಿಯಾಕ್ಕೆ ಸ್ವಂತ ಎಂಜಿನ್ ಇಲ್ಲ. ನಮ್ಮ ಎಂಜಿನ್‌ಗೇ ತನ್ನನ್ನು ಕೊಂಡಿ ಹಾಕಿಕೊಂಡು, ಚೀಟಿಯಿಲ್ಲದ ಪ್ರಯಾಣಿಕನಂತೆ ಕೋಶಕೇಂದ್ರದ ಬಳಿಗೆ ಹೋಗಿ, ಅಲ್ಲಿ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಹೊರಬೀಳುವಾಗ ನಮ್ಮದೇ ಕೋಶದ ಪೊರೆಯನ್ನು ಹೊದ್ದುಕೊಂಡು ಮೊಗ್ಗಿನಂತೆ ಕಳಚಿಕೊಳ್ಳುತ್ತದೆ. ಒಳಗಿರುವ ರೂಪಕ್ಕೂ ಹೊರಗಿನ ರೂಪಕ್ಕೂ ಗುಣದಲ್ಲಿ ವ್ಯತ್ಯಾಸವಿದೆ ಎಂದು 2022ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅತಿಸೂಕ್ಷ್ಮ ರಕ್ತನಾಳಗಳ ಒಳಪದರವೇ ಇದರ ದಾಳಿಗೆ ಸಿಗುವುದರಿಂದ ಶ್ವಾಸಕೋಶ, ಮಿದುಳು, ಯಕೃತ್ತು, ಮೂತ್ರಪಿಂಡ ಯಾವುದು ಬೇಕಾದರೂ ಕೆಡಬಹುದು. ಒಂದೇ ರೋಗ ಒಬ್ಬರಲ್ಲಿ ನ್ಯುಮೋನಿಯಾದಂತೆ, ಇನ್ನೊಬ್ಬರಲ್ಲಿ ಕಾಮಾಲೆಯಂತೆ, ಮಗದೊಬ್ಬರಲ್ಲಿ ಮಿದುಳು ಜ್ವರದಂತೆ ಕಾಣುವುದು ಇದರಿಂದಲೇ.

ಈ ಕೊನೆಯ ಮಾತಿಗೆ ಗೋರಖಪುರ ದೊಡ್ಡ ಸಾಕ್ಷಿ. ಪೂರ್ವ ಉತ್ತರ ಪ್ರದೇಶದಲ್ಲಿ ಪ್ರತಿ ಮಳೆಗಾಲದಲ್ಲಿಯೂ ಮಿದುಳು ಜ್ವರದಿಂದ ಮಕ್ಕಳು ಸಾಯುತ್ತಿದ್ದರು. ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆ ಹಾಕಿದ ಮೇಲೂ ಸಾವು ನಿಲ್ಲಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಚೆನ್ನೈ ಸಂಸ್ಥೆಯ ಮನೋಜ್ ಮುರ್ಹೇಕರ್ ಮತ್ತು ಸಂಗಡಿಗರು 2015ರ ಆಸುಪಾಸಿನಲ್ಲಿ ಪರೀಕ್ಷಿಸಿದಾಗ ಅಂತಹ ಮಕ್ಕಳಲ್ಲಿ ಶೇ. 60ಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಸ್ಕ್ರಬ್ ಟೈಫಸ್‌ನ ಪ್ರತಿಕಾಯಗಳು ದೊರೆತವು. ಅಲ್ಲಿಂದ ಮುಂದೆ ಜ್ವರ ಬಂದ ಮಕ್ಕಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಬೇಗನೆ ಸೂಕ್ತ ಆ್ಯಂಟಿಬಯಾಟಿಕ್ ಕೊಡುವ ಕ್ರಮಕ್ಕೆ ಒತ್ತು ಬಂತು. ಯಾವ ಮಕ್ಕಳಿಗೆ ರೋಗ ತಗಲುತ್ತದೆಂದು ಗೋರಖಪುರ ಮತ್ತು ದೇವರಿಯಾ ಜಿಲ್ಲೆಗಳಲ್ಲಿ ನಡೆಸಿದ ಅಧ್ಯಯನವನ್ನು ಓದುವಾಗ ನನಗೆ ನಮ್ಮದೇ ಊರುಗಳನ್ನು ವರ್ಣಿಸಿದಂತೆ ಅನಿಸಿತು: ಹೊಲಕ್ಕೆ ಹೋಗುವ, ಹೊಲದಲ್ಲಿ ಆಡುವ ಮಕ್ಕಳು; ಮನೆಯೊಳಗೆ ಸೌದೆ ಒಟ್ಟುವ ಕುಟುಂಬಗಳು; ದನದ ಮೇವನ್ನು ಎತ್ತಿ ಇಡುವ ಕೆಲಸ; ಬಯಲು ಶೌಚ.

ಹಾಗಾದರೆ ಮಹಾರಾಷ್ಟ್ರದಲ್ಲಿ? 2018ರಲ್ಲಿ ನಾಗಪುರ ಹಾಗೂ ವಿದರ್ಭದ ಇತರ ಭಾಗಗಳಲ್ಲಿ ಸ್ಕ್ರಬ್ ಟೈಫಸ್ ಕಾಣಿಸಿಕೊಂಡು ಜನ ಸತ್ತಾಗ ಪತ್ರಿಕೆಗಳು ಕೆಲವು ವಾರ ಬರೆದವು, ಆಮೇಲೆ ಸುಮ್ಮನಾದವು. ಇತ್ತ ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರವು 2014ರಿಂದ ಹಲವು ರಾಜ್ಯಗಳ ಆಸ್ಪತ್ರೆಗಳಲ್ಲಿ ನಡೆಸಿದ ಜ್ವರ ಸಮೀಕ್ಷೆಯಲ್ಲಿಯೂ ಮಲೇರಿಯಾ, ಡೆಂಗ್ಯೂಗಳ ಜೊತೆಯಲ್ಲಿ ಪ್ರಮುಖ ಕಾರಣವಾಗಿ ಈ ರೋಗ ಕಂಡುಬಂತು. ಅಂದರೆ ಇದು ಹಿಮಾಲಯದ ತಪ್ಪಲಿನ, ಈಶಾನ್ಯದ ಕಾಡಿನ ಕಾಯಿಲೆಯೆಂಬ ಪಠ್ಯಪುಸ್ತಕದ ಮಾತು ಹಳತಾಯಿತು. ಜಪಾನ್, ಪಾಕಿಸ್ತಾನ, ಉತ್ತರ ಆಸ್ಟ್ರೇಲಿಯಾಗಳನ್ನು ಕೂಡಿಸುವ ‘ತ್ಸುತ್ಸುಗಾಮುಷಿ ತ್ರಿಕೋನ’ದಾಚೆ, ದಕ್ಷಿಣ ಅಮೆರಿಕದ ಚಿಲಿಯಲ್ಲಿಯೂ ರೋಗಿಗಳು ಪತ್ತೆಯಾಗಿದ್ದಾರೆ. ಹುಡುಕಿದಲ್ಲೆಲ್ಲ ಸಿಗುವ ರೋಗವಿದು.

ತಮಿಳುನಾಡಿನ 37 ಹಳ್ಳಿಗಳಲ್ಲಿ 32 ಸಾವಿರಕ್ಕೂ ಹೆಚ್ಚು ಜನರನ್ನು ಎರಡು ವರ್ಷ ಹಿಂಬಾಲಿಸಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಮತ್ತು ಲಂಡನ್ನಿನ ಸಂಶೋಧಕರು ಮಾಡಿದ ಅಧ್ಯಯನ 2025ರಲ್ಲಿ ಪ್ರಕಟವಾಗಿದೆ. ವರ್ಷಕ್ಕೆ ಹತ್ತರಲ್ಲಿ ಒಬ್ಬರವರೆಗೆ ಸೋಂಕು ತಗಲುತ್ತದೆ, ಅವರಲ್ಲಿ ಬಹುಮಂದಿಗೆ ಜ್ವರವೇ ಬರುವುದಿಲ್ಲ, ಬಂದವರಲ್ಲಿ ಕೆಲವರ ಸ್ಥಿತಿ ಮಾತ್ರ ಗಂಭೀರವಾಗುತ್ತದೆ ಎಂಬುದು ಅದರ ಸಾರ. ಅದು ಕಾಡಲ್ಲ, ಹೊಲ, ಬದು, ಪೊದೆ, ಮನೆ ಬೆರೆತ ಬಯಲುಸೀಮೆ.

ನಮ್ಮ ಸಾಂಗಲಿ ಜಿಲ್ಲೆಯನ್ನು ಈ ಕಣ್ಣಿನಿಂದ ನೋಡಿರಿ. ಕೃಷ್ಣೆಯ ದಂಡೆಯ ಮಿರಜ, ವಾಳವೆ, ಪಲೂಸ್‌ಗಳಲ್ಲಿ ಕಬ್ಬಿನ ಗದ್ದೆ; ಗದ್ದೆ ತುಂಬ ಇಲಿ. ಪೂರ್ವದ ಜತ್ತ ತಾಲ್ಲೂಕು ಬರಡು ನೆಲ, ಮಾಡಗ್ಯಾಳ ತಳಿಯ ಕುರಿಗಳ ತವರು. ಸಂಖ, ಉಮದಿ, ಗುಡ್ಡಾಪುರದ ಸುತ್ತ ಕುರುಚಲು ಗುಡ್ಡ, ಜಾಲಿ ಪೊದೆ. ಮ್ಹೈಸಾಳ ಏತ ನೀರಾವರಿಯ ನೀರು ಬಂದ ಕಡೆ ಬದುಗಳು ಹಸಿರಾಗಿವೆ. ನೀರಿಗಾಗಿ ದಶಕಗಳ ಕಾಲ ಹೋರಾಡಿದವರು ನಾವು, ಹಸಿರು ಬೇಡವೆನ್ನುವವರಲ್ಲ. ಆದರೆ ಒಣನೆಲಕ್ಕೆ ನೀರು ಬಂದಾಗ ಹುಲ್ಲು, ಇಲಿ, ನುಸಿಗಳ ಲೆಕ್ಕಾಚಾರವೂ ಬದಲಾಗುವ ಸಾಧ್ಯತೆಯಿದೆ. ಇದು ನನ್ನ ಊಹೆ. ಊಹೆಯನ್ನು ಒರೆಗೆ ಹಚ್ಚುವುದು ಕಷ್ಟವೇನಲ್ಲ: ಇಲಿಗಳನ್ನು ಬೋನಿಗೆ ಬೀಳಿಸಿ, ಅವುಗಳ ಕಿವಿಯಲ್ಲಿ ಗುಂಪುಗೂಡುವ ನುಸಿಮರಿಗಳನ್ನು ಪರೀಕ್ಷಿಸುವ ವಿಧಾನ ನೂರು ವರ್ಷ ಹಳೆಯದು. 1962ರಿಂದ ಸರಕಾರಿ ವೈದ್ಯಕೀಯ ಕಾಲೇಜನ್ನೂ, 1894ರಲ್ಲಿ ವಿಲಿಯಂ ವಾನ್ಲೆಸ್ ಕಟ್ಟಿದ ಮಿಶನ್ ಆಸ್ಪತ್ರೆಯ ಪರಂಪರೆಯನ್ನೂ ಹೊಂದಿರುವ ಮಿರಜಕ್ಕೆ ಅದು ಮೀರಿದ ಕೆಲಸವಲ್ಲ. ಅಥಣಿ, ರಾಯಬಾಗ, ಚಿಕ್ಕೋಡಿ, ವಿಜಯಪುರಗಳಿಂದಲೂ ರೋಗಿಗಳು ಬರುವ ಊರಿದು. ಎರಡು ರಾಜ್ಯಗಳ ಜ್ವರಗಳು ಒಂದೇ ರೈಲು ನಿಲ್ದಾಣದಲ್ಲಿ ಇಳಿಯುತ್ತವೆ. ಆದರೆ ರೋಗಿಯ ವಿಳಾಸ ಕರ್ನಾಟಕದ್ದಾದರೆ ಎಣಿಕೆ ಒಂದು ಕಡೆ, ಮಹಾರಾಷ್ಟ್ರದ್ದಾದರೆ ಇನ್ನೊಂದು ಕಡೆ. ಗಡಿಯ ಎರಡು ಮಗ್ಗುಲಿನ ಊರುಗಳನ್ನು ಒಂದೇ ನಕಾಶೆಯಲ್ಲಿಟ್ಟು ನೋಡಬೇಕೆಂದು ಯಾವ ರಾಜ್ಯಕ್ಕೂ ಸಹಜವಾಗಿ ತೋಚುವುದಿಲ್ಲ. ನುಸಿಗೆ ಮಹಾಜನ ವರದಿ ಗೊತ್ತಿಲ್ಲ.

ಪರೀಕ್ಷೆಗಳ ವಿಷಯಕ್ಕೆ ಬರೋಣ. 1916ರಲ್ಲಿ ರೂಪುಗೊಂಡ ವೈಲ್-ಫೆಲಿಕ್ಸ್ ಪರೀಕ್ಷೆ ಅಗ್ಗವೆಂಬ ಕಾರಣಕ್ಕೆ ಇಂದಿಗೂ ಸಣ್ಣ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಅದು ಎಷ್ಟೋ ರೋಗಿಗಳನ್ನು ಕೈಬಿಡುತ್ತದೆ. ಈಗ ಹೆಚ್ಚು ನೆಚ್ಚುವುದು ಐಜಿಎಂ ಎಲೈಸಾವನ್ನು. ಆದರೆ ಪ್ರತಿಕಾಯಗಳು ರಕ್ತದಲ್ಲಿ ಮೂಡಲು ಸುಮಾರು ಒಂದು ವಾರ ಬೇಕು. ಮೂರನೆಯ ದಿನ ಮಾಡಿಸಿ ‘ಇಲ್ಲ’ ಎಂದು ಬಂದರೆ ನಿಶ್ಚಿಂತೆ ಸಲ್ಲದು. ಮೊದಲ ವಾರದಲ್ಲಿ ಪಿಸಿಆರ್ ನೆರವಾಗಬಲ್ಲದು. ಕಪ್ಪು ಕಲೆಯ ಹೊಪ್ಪಳೆಯೇ ಅದಕ್ಕೆ ಒಳ್ಳೆಯ ಮಾದರಿ. ಹೀಗಿರುವುದರಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2015ರ ಮಾರ್ಗದರ್ಶಿಯು ಐದು ದಿನ ಅಥವಾ ಅದಕ್ಕೂ ಮೀರಿದ, ಬೇರೆ ಕಾರಣ ತಿಳಿಯದ ಜ್ವರದಲ್ಲಿ ಸ್ಕ್ರಬ್ ಟೈಫಸ್ ಅನ್ನು ಶಂಕಿಸಬೇಕು, ಕಪ್ಪು ಕಲೆಯಿದ್ದರೆ ಐದು ದಿನವೂ ಕಾಯಬಾರದು, ಪರೀಕ್ಷೆಯ ಫಲಿತಾಂಶ ಬರುವವರೆಗೆ ಚಿಕಿತ್ಸೆ ತಡೆಹಿಡಿಯಬಾರದು ಎಂದು ಹೇಳುತ್ತದೆ.

ಕಲೆ ಎಲ್ಲರಲ್ಲಿಯೂ ಇರುವುದಿಲ್ಲ. ಕೆಲವು ಅಧ್ಯಯನಗಳಲ್ಲಿ ಹತ್ತರಲ್ಲಿ ಒಬ್ಬರಿಗೆ, ಕೆಲವುದರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಕಂಡಿದೆ. ವ್ಯತ್ಯಾಸದ ಒಂದು ಪಾಲು ಹುಡುಕಿದವರ ಶ್ರದ್ಧೆಯ ವ್ಯತ್ಯಾಸವೇ ಆಗಿರಬೇಕು. ವೆಲ್ಲೂರಿನ ವೈದ್ಯರು ಮೈಯೆಲ್ಲ ಜಾಲಾಡಿ ನೋಡಿದಾಗ ಶೇ. 40ಕ್ಕೂ ಹೆಚ್ಚು ರೋಗಿಗಳಲ್ಲಿ ಸಿಕ್ಕಿತು. ಗಂಡಸರಲ್ಲಿ ಕಂಕುಳು, ತೊಡೆಸಂದು. ಹೆಂಗಸರಲ್ಲಿ ಎದೆ ಮತ್ತು ಹೊಟ್ಟೆಯ ಭಾಗ. ಬಟ್ಟೆ ಬಿಗಿಯಾಗಿ ಒತ್ತುವ, ಬೆವರುವ ಮಡಿಕೆಗಳು. ಒದ್ದೆ ಜಾಗದಲ್ಲಿ ಹೊಪ್ಪಳೆ ಕಳಚಿಹೋಗಿ ಕಪ್ಪೂ ಇರದೆ ಹಳದಿಯ ಸಣ್ಣ ಗಾಯದಂತೆ ಕಾಣಬಹುದು. ಈಗ ನಮ್ಮೂರಿನ ಒಬ್ಬ ಗೃಹಿಣಿಯನ್ನು ನೆನೆಯಿರಿ. ಭಾಷೆ ಬಾರದ ಆಸ್ಪತ್ರೆ, ಪರದೆಯಿಲ್ಲದ ಕೊಠಡಿ, ಎದುರಿಗೆ ಅವಸರದಲ್ಲಿರುವ ಪುರುಷ ವೈದ್ಯ. ಅವಳಾಗಿಯೇ ಹೇಳಿಕೊಳ್ಳುವ ಮಾತಂತೂ ದೂರ. ಕೇಳಿದರೂ ಇಲ್ಲವೆಂದೇ ಅಂದಾಳು. ಈ ರೋಗದಲ್ಲಿ ರೋಗನಿದಾನದ ಅತ್ಯಂತ ಅಗ್ಗದ, ಅತ್ಯಂತ ನಂಬಲರ್ಹವಾದ ಸಾಧನವು ಒಂದು ಪ್ರಶ್ನೆ ಮತ್ತು ಒಂದು ದೃಷ್ಟಿ. ಆ ಪ್ರಶ್ನೆ ಯಾವ ಭಾಷೆಯಲ್ಲಿ ಬರುತ್ತದೆ ಎಂಬುದು ಇಲ್ಲಿ ಸಂಸ್ಕೃತಿಯ ವಿಚಾರವಾಗಿ ಉಳಿಯುವುದಿಲ್ಲ.

ಮದ್ದು ದುಬಾರಿಯಲ್ಲ. ಡಾಕ್ಸಿಸೈಕ್ಲಿನ್ ಅಥವಾ ಅಜಿಥ್ರೊಮೈಸಿನ್, ಎರಡೂ ಯಾವ ತಾಲ್ಲೂಕು ಅಂಗಡಿಯಲ್ಲಿಯೂ ಸಿಗುವಂಥವು. ಸಕಾಲದಲ್ಲಿ ಕೊಟ್ಟರೆ ಹೆಚ್ಚಿನವರಲ್ಲಿ ಎರಡು ಮೂರು ದಿನಕ್ಕೆ ಜ್ವರ ಇಳಿಯುತ್ತದೆ. ಚಿಕಿತ್ಸೆಯೇ ಆಗದಿದ್ದರೆ ನೂರರಲ್ಲಿ ಸುಮಾರು ಆರು ಮಂದಿ ಸಾಯುತ್ತಾರೆಂಬ ಅಂದಾಜಿದೆ. ಆಸ್ಪತ್ರೆಗೆ ತೀರ ತಡವಾಗಿ ಬಂದವರಲ್ಲಿ ಅದಕ್ಕಿಂತ ಹೆಚ್ಚು. ಮಕ್ಕಳಿಗೆ ಡಾಕ್ಸಿಸೈಕ್ಲಿನ್ ಕೊಟ್ಟರೆ ಹಲ್ಲು ಹಳದಿಯಾಗುತ್ತದೆಂಬ ಭಯ ಪಾಲಕರಲ್ಲಿ ಮಾತ್ರವಲ್ಲ, ಕೆಲವು ವೈದ್ಯರಲ್ಲಿಯೂ ಇದೆ. ಅದು ಹಳೆಯ ಟೆಟ್ರಾಸೈಕ್ಲಿನ್‌ಗಳಿಂದ ಬಂದ ಭಯ. ಕೆಲವೇ ದಿನಗಳ ಡಾಕ್ಸಿಸೈಕ್ಲಿನ್ ಮಕ್ಕಳಿಗೂ ಸಲ್ಲುತ್ತದೆಂಬುದು ಇಂದಿನ ಮಾರ್ಗದರ್ಶಿಗಳ ನಿಲುವು. ಹಾಗೆಂದು ಅಂಗಡಿಯಿಂದ ತಂದು ನಾವೇ ನುಂಗಿಸುವುದು ಬೇಡ. ಪ್ರಮಾಣ ಮಗುವಿನ ತೂಕವನ್ನು ಅವಲಂಬಿಸಿದೆ, ಗರ್ಭಿಣಿಯರಿಗೆ ಆಯ್ಕೆಯೇ ಬೇರೆ.

ತೀವ್ರ ಸ್ಥಿತಿಯಲ್ಲಿರುವವರಿಗೆ ಯಾವುದು ಮೇಲು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಭಾರತದಿಂದಲೇ, ಇದು ನಾವು ಹೆಮ್ಮೆಪಡಬಹುದಾದ ಸಂಗತಿ. ವೆಲ್ಲೂರಿನ ಜಾರ್ಜ್ ವರ್ಗೀಸ್ ಅವರ ನೇತೃತ್ವದಲ್ಲಿ ದೇಶದ ಏಳು ಆಸ್ಪತ್ರೆಗಳು ಸುಮಾರು 800 ರೋಗಿಗಳ ಮೇಲೆ ನಡೆಸಿದ ಪ್ರಯೋಗ 2023ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಎರಡರಲ್ಲಿ ಒಂದೇ ಮದ್ದನ್ನು ರಕ್ತನಾಳದ ಮೂಲಕ ಪಡೆದವರಲ್ಲಿ ಶೇ. 47 ಅಥವಾ 48 ಮಂದಿ ಸಾವು, ಏಳನೆಯ ದಿನಕ್ಕೂ ಉಳಿದ ಅಂಗವೈಫಲ್ಯ ಅಥವಾ ಐದನೆಯ ದಿನಕ್ಕೂ ಉಳಿದ ಜ್ವರ, ಇವುಗಳಲ್ಲಿ ಒಂದನ್ನು ಅನುಭವಿಸಿದರು. ಎರಡನ್ನೂ ಕೂಡಿಸಿ ಪಡೆದವರಲ್ಲಿ ಶೇ. 33 ಮಾತ್ರ. ಕಾರಣವನ್ನು ಇಚಲಕರಂಜಿಯ ಮಗ್ಗದವರಿಗೆ ಸುಲಭವಾಗಿ ತಿಳಿಸಬಹುದು. ಬ್ಯಾಕ್ಟೀರಿಯಾ ಪ್ರೋಟೀನ್ ನೇಯುವ ಮಗ್ಗಕ್ಕೆ ಎರಡು ಭಾಗಗಳಿವೆ. ಡಾಕ್ಸಿಸೈಕ್ಲಿನ್ ಚಿಕ್ಕ ಭಾಗವನ್ನೂ ಅಜಿಥ್ರೊಮೈಸಿನ್ ದೊಡ್ಡ ಭಾಗವನ್ನೂ ಹಿಡಿದು ನಿಲ್ಲಿಸುತ್ತದೆ. ಆದರೆ ಒಂದು ಮಾತನ್ನು ಮರೆಮಾಚಬಾರದು: ಬರೀ ಸಾವಿನ ಸಂಖ್ಯೆಯನ್ನೇ ಬೇರ್ಪಡಿಸಿ ನೋಡಿದರೆ ಮೂರು ಗುಂಪುಗಳಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಅಂಗಗಳು ಕೆಟ್ಟ ಮೇಲೆ ಎರಡು ಮದ್ದುಗಳೂ ಕಳೆದ ದಿನಗಳನ್ನು ಮರಳಿ ತಂದುಕೊಡಲಾರವು. ಆ ದಿನಗಳು ಹೋಗುವುದು ಊರಿನಲ್ಲಿ, ದಾರಿಯಲ್ಲಿ, ಹೊರರೋಗಿ ವಿಭಾಗದ ಸಾಲಿನಲ್ಲಿ. ಉಮದಿಯಿಂದ ಮಿರಜಕ್ಕೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿಯಿದೆ.

ಪಾಲಕರು ಕೇಳುತ್ತಾರೆ: ನಾವೇನು ಮಾಡಬೇಕು? ಹೊಲಕ್ಕೆ ಹೋಗಬೇಡಿರೆಂದು ಹೇಳುವ ತಿಳಿಗೇಡಿತನ ನನಗಿಲ್ಲ. ಹುಲ್ಲಿನ ಮೇಲೆ ಬರಿಮೈಯಲ್ಲಿ ಮಲಗುವುದನ್ನು, ಬಟ್ಟೆಯನ್ನು ಪೊದೆಯ ಮೇಲೆ ಒಣಹಾಕುವುದನ್ನು ಬಿಡಬಹುದು. ಹೊಲದಿಂದ ಬಂದ ಮಕ್ಕಳಿಗೆ ಸ್ನಾನ ಮಾಡಿಸಿ, ತೊಟ್ಟ ಬಟ್ಟೆಯನ್ನು ಒಗೆಯಲು ಹಾಕಬೇಕು. ಚರ್ಮಕ್ಕೆ ಕಚ್ಚಿಕೊಳ್ಳುವ ಮೊದಲು ನುಸಿ ಮೈಮೇಲೆ ಓಡಾಡುತ್ತದೆ. ಕಣಕಿಯ ಬಣವೆ, ಸೌದೆಯ ರಾಶಿ ಮಲಗುವ ಕೋಣೆಯಿಂದ ದೂರವಿರಲಿ. ಕಡಿತದ ನಂತರ ಜ್ವರ ಬರಲು ಸಾಮಾನ್ಯವಾಗಿ ಆರು ದಿನದಿಂದ ಮೂರು ವಾರ ಹಿಡಿಯುವುದರಿಂದ ‘ನಿನ್ನೆ ಹೊಲಕ್ಕೆ ಹೋಗಿರಲಿಲ್ಲ’ ಎಂಬ ಮಾತಿಗೆ ಬೆಲೆಯಿಲ್ಲ. ಜ್ವರದ ಮಗುವಿನ ಮೈಯನ್ನು ತಾಯಿಯೇ ಕಂಕುಳಿಂದ ತೊಡೆಸಂದಿಯವರೆಗೆ, ಕಿವಿಯ ಹಿಂದೆ, ಉಡುದಾರದ ಕೆಳಗೆ ಒಮ್ಮೆ ನೋಡಬೇಕು. ಕಂಡರೆ ವೈದ್ಯರಿಗೆ ತೋರಿಸಬೇಕು, ಕಾಣದಿದ್ದರೂ ಐದನೆಯ ದಿನ ದಾಟಿದ ಜ್ವರಕ್ಕೆ ಸ್ಕ್ರಬ್ ಟೈಫಸ್ ಇರಬಹುದೇ ಎಂದು ಕೇಳಬೇಕು. ಉಸಿರಾಟ ವೇಗವಾದರೆ, ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ ಬೆಳಗಾಗುವವರೆಗೆ ಕಾಯಬಾರದು.

ಆಸ್ಪತ್ರೆಯ ಕಡೆಯ ಕೆಲಸ ಬೇರೆ. ರಾಜ್ಯಗಳ ಪುನರ್ವಿಂಗಡಣೆಯ ಕಾಲದಲ್ಲಿ ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿಕೊಂಡ ರಕ್ಷಣೆಗಳಲ್ಲಿ ಒಂದು ಇದು: ಜಿಲ್ಲೆ ಅಥವಾ ತಾಲ್ಲೂಕಿನ ಜನಸಂಖ್ಯೆಯಲ್ಲಿ ಶೇ. 15ರಷ್ಟು ಜನ ಆಡುವ ಭಾಷೆಯಲ್ಲಿ ಮುಖ್ಯ ಸರಕಾರಿ ಸೂಚನೆಗಳನ್ನು ಪ್ರಕಟಿಸಬೇಕು. ಇದನ್ನು ನಾವು ಈವರೆಗೆ ಪಠ್ಯಪುಸ್ತಕಕ್ಕೆ, ಶಿಕ್ಷಕರ ನೇಮಕಾತಿಗೆ, ಶಾಲೆಯ ಫಲಕಕ್ಕೆ ಮಾತ್ರ ಬಳಸಿದ್ದೇವೆ. ತಪ್ಪಲ್ಲ, ಆದರೆ ಸಾಕಾಗದು. ಜತ್ತ ತಾಲ್ಲೂಕಿನ ಪೂರ್ವಭಾಗದ ಅನೇಕ ಊರುಗಳಲ್ಲಿ ಕನ್ನಡಿಗರೇ ಬಹುಸಂಖ್ಯಾತರು. ಅಲ್ಲಿನ ಆರೋಗ್ಯ ಸೂಚನೆಯೂ ಸೂಚನೆಯೇ. ಡೆಂಗ್ಯೂವಿನ ಭಿತ್ತಿಪತ್ರ ಮರಾಠಿಯಲ್ಲಿ ಇರಲಿ, ಅದರ ಪಕ್ಕದಲ್ಲಿ ಕನ್ನಡದ್ದೂ ಇರಲಿ. ಜ್ವರದ ರೋಗಿಗೆ ಕೇಳಬೇಕಾದ ಹತ್ತು ಪ್ರಶ್ನೆಗಳನ್ನು ಕನ್ನಡದಲ್ಲಿ, ಮರಾಠಿ ಲಿಪಿಯಲ್ಲಿ ಬರೆದು ವೈದ್ಯರ ಮೇಜಿನ ಮೇಲೆ ಅಂಟಿಸಿದರೂ ಅರ್ಧ ಕೆಲಸವಾದಂತೆ. ‘ಉರಿ ಬಂದು ಎಷ್ಟು ದಿನಾತು?’ ಎಂಬುದು ಮೊದಲನೆಯದು. ‘ಮೈಮ್ಯಾಲ ಎಲ್ಲೆರ ಕರಿ ಹೊಪ್ಪಳಿ ಐತೇನು?’ ಎರಡನೆಯದು. ರೋಗಕ್ಕೆ ಕನ್ನಡದಲ್ಲಿ ಒಂದು ಹೆಸರೂ ಬೇಕು. ‘ನುಸಿ ಜ್ವರ’ ಎಂದು ನನ್ನ ವಿದ್ಯಾರ್ಥಿಗಳು ಕರೆಯುತ್ತಿದ್ದಾರೆ. ಪರಿಭಾಷಾ ಪಂಡಿತರು ಇದಕ್ಕಿಂತ ಉದ್ದವಾದದ್ದನ್ನು ತಯಾರಿಸುವ ಮೊದಲು ಅದೇ ರೂಢಿಯಾಗಲಿ.

ಆ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಇಬ್ಬರು ವೈದ್ಯಮಿತ್ರರಿಗೆ ತೋರಿಸಿ ತಿದ್ದಿಸಿದ್ದೇನೆ. ಅದರೊಂದಿಗೆ ಒಂದು ಮನವಿಯನ್ನು, ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಬರೆದು, ಸಂಬಂಧಪಟ್ಟ ಕಚೇರಿಗೆ ಕೊಟ್ಟು ಬಂದಿದ್ದೇವೆ. ಸ್ವೀಕೃತಿಯ ಮುದ್ರೆ ಮರಾಠಿ ಪ್ರತಿಯ ಮೇಲೆ ಬಿದ್ದಿತು. ಕನ್ನಡ ಪ್ರತಿಯನ್ನು ಗುಮಾಸ್ತರು ಒಂದು ಕ್ಷಣ ತಿರುವಿ ನೋಡಿ, ಮರಳಿ ಕೊಟ್ಟರು. ಅದನ್ನು ನಮ್ಮ ಶಾಲೆಯ ಸೂಚನಾ ಫಲಕದಲ್ಲಿ ಹಚ್ಚಿದ್ದೇವೆ. ಕಳೆದ ವಾರ ಮೂವರು ತಾಯಂದಿರು ಅದರ ಮುಂದೆ ನಿಂತು, ಒಬ್ಬರು ಓದುತ್ತ ಇಬ್ಬರು ಕೇಳುತ್ತ, ಎರಡನೆಯ ಪ್ರಶ್ನೆಯ ಬಳಿ ಬಹಳ ಹೊತ್ತು ಮಾತಾಡಿದರು.